ಓದುಗರ ಪ್ರಶ್ನೆ: ಜಾರ್ಜ್ ಮಾಸಾ ಮತ್ತು ಸ್ಮೋಕಿ ಬೆಟ್ಟಗಳು

ಪ್ರಶ್ನೆ: ಅಮೆರಿಕದ ಗ್ರೇಟ್ ಸ್ಮೋಕಿ ಬೆಟ್ಟಸಾಲು ರಾಷ್ಟ್ರೀಯ ಉದ್ಯಾನವಾಗಲು ಜಪಾನಿನಿಂದ ಬಂದ ಛಾಯಾಗ್ರಾಹಕರೊಬ್ಬರ ಚಿತ್ರಗಳೂ ಕಾರಣವೆಂದು ಓದಿದೆ. ಬೆಟ್ಟವೇ ಕಣ್ಣೆದುರಿಗಿರುವಾಗ ಅದರ ಚಿತ್ರದಿಂದ ಅಷ್ಟು ಕೆಲಸವಾದದ್ದು ಹೇಗೆ?

ಉತ್ತರ: ಬೆಟ್ಟ ಕಣ್ಣೆದುರಿಗಿದ್ದದ್ದು ಅಲ್ಲಿ ನೆಲೆಸಿದ್ದವರಿಗೆ ಮತ್ತು ಮರ ಕಡಿಯುವ ಕಂಪನಿಗಳಿಗೆ. ಅದನ್ನು ಉಳಿಸಲು ಹಣ ಕೊಡಬೇಕಾಗಿದ್ದವರಲ್ಲಿ ಹೆಚ್ಚಿನವರು ಅದನ್ನು ಕಂಡೇ ಇರಲಿಲ್ಲ. ಪಶ್ಚಿಮದ ಯೆಲ್ಲೊಸ್ಟೋನ್‌ನಂತಹ ಉದ್ಯಾನಗಳು ಸರ್ಕಾರದ ನೆಲದಲ್ಲೇ ಹುಟ್ಟಿದವು. ಉತ್ತರ ಕೆರೊಲಿನಾ ಮತ್ತು ಟೆನೆಸ್ಸಿ ರಾಜ್ಯಗಳ ಗಡಿಯಲ್ಲಿರುವ ಈ ಬೆಟ್ಟಗಳಾದರೋ 6,000ಕ್ಕೂ ಹೆಚ್ಚು ತುಂಡುಗಳಾಗಿ ಖಾಸಗಿಯವರ ಕೈಯಲ್ಲಿದ್ದವು. 1926ರಲ್ಲಿ ಅಮೆರಿಕದ ಸಂಸತ್ತು ಉದ್ಯಾನಕ್ಕೆ ಒಪ್ಪಿಗೆ ನೀಡಿತಾದರೂ, ನೆಲವನ್ನು ಕೊಂಡು ಒಪ್ಪಿಸುವ ಹೊಣೆ ರಾಜ್ಯಗಳ ಮೇಲೆಯೇ ಬಿತ್ತು. ಹೀಗಾಗಿ ಕಾಡನ್ನು ದೂರದ ಊರುಗಳ ಮೇಜಿನ ಮೇಲೆ ತಂದಿಡಬಲ್ಲ ಚಿತ್ರಗಳು ಬೇಕಾದವು. 1928ರಲ್ಲಿ ರಾಕ್‌ಫೆಲರ್ ಕುಟುಂಬದ ನಿಧಿಯಿಂದ 50 ಲಕ್ಷ ಡಾಲರ್ ಬಂದ ಮೇಲೆಯೇ ಭೂಮಿಯ ಖರೀದಿ ನಿಜವಾಗಿ ಮುಂದುವರಿಯಿತು.

ಟೆನೆಸ್ಸಿಯ ಕಡೆಯಿಂದ ಜಿಮ್ ಥಾಂಪ್ಸನ್ ಚಿತ್ರ ತೆಗೆದರೆ, ಉತ್ತರ ಕೆರೊಲಿನಾದ ಕಡೆಯಿಂದ ಆ ಕೆಲಸಕ್ಕೆ ತಮ್ಮನ್ನೇ ತೆತ್ತುಕೊಂಡವರು ನೀವು ಕೇಳಿದ ಜಾರ್ಜ್ ಮಾಸಾ. 1915ರಲ್ಲಿ ಆ್ಯಶ್‌ವಿಲ್ ಪಟ್ಟಣಕ್ಕೆ ಬಂದು ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿದ ಅವರು ಮುಂದೆ ಸ್ವಂತ ಸ್ಟುಡಿಯೊ ನಡೆಸಿದರು. ಬರಹಗಾರ ಹೊರೇಸ್ ಕೆಫಾರ್ಟ್ ಅವರ ಜೊತೆ ಬೆಟ್ಟವನ್ನೆಲ್ಲ ಸುತ್ತಿದರು. ಭಾರವಾದ ಕ್ಯಾಮರಾವನ್ನೂ ಮುಕ್ಕಾಲಿಯನ್ನೂ ಹೊತ್ತು ಶಿಖರ ಹತ್ತಿ, ಮೋಡ ತಮಗೆ ಬೇಕಾದ ಹಾಗೆ ಬೆಟ್ಟದ ಮೇಲೆ ಬಂದು ಕೂರುವವರೆಗೆ ಗಂಟೆಗಟ್ಟಲೆ ಕಾಯುವ ತಾಳ್ಮೆ ಅವರಿಗಿತ್ತು.

ನನ್ನನ್ನು ಅದಕ್ಕಿಂತ ಹೆಚ್ಚು ಸೆಳೆಯುವುದು ಅವರ ಇನ್ನೊಂದು ಉಪಕರಣ. ಸೈಕಲ್ಲಿನ ಮುಂಚಕ್ರವನ್ನು ಹ್ಯಾಂಡಲ್ ಸಮೇತ ಬಿಡಿಸಿಕೊಂಡು, ಅದಕ್ಕೆ ದೂರ ಅಳೆಯುವ ಮೀಟರ್ ಕೂಡಿಸಿ, ಕಾಲುದಾರಿಗಳ ಮೇಲೆ ತಳ್ಳಿಕೊಂಡು ನಡೆಯುತ್ತಾ ಅವರು ಮೈಲಿಗಳನ್ನು ಬರೆದಿಟ್ಟುಕೊಂಡರು. ಶಿಖರಗಳ, ಹಳ್ಳಗಳ ಹೆಸರುಗಳನ್ನು ಖಚಿತಪಡಿಸುವುದರಲ್ಲೂ ದುಡಿದರು. ಅಂದವಾದ ನೋಟ ಸಿಕ್ಕಿತೆಂದು ಅವರು ತೃಪ್ತರಾಗಲಿಲ್ಲ. ಆ ನೋಟ ಎಲ್ಲಿದೆ, ಅಲ್ಲಿಗೆ ಎಷ್ಟು ದೂರ, ಆ ಶಿಖರದ ಹೆಸರೇನು ಎಂಬುದನ್ನೂ ಹೇಳಬಲ್ಲವರಾಗಿದ್ದರು. ಅವರನ್ನು ಛಾಯಾಗ್ರಾಹಕರೆಂದಷ್ಟೇ ಕರೆದರೆ ಸಾಲದೆನ್ನಿಸುವುದು ಇದರಿಂದಲೇ.

ಆ ಚಿತ್ರಗಳಲ್ಲಿ ಕಾಣದ ಒಂದು ಸಂಗತಿಯನ್ನೂ ಹೇಳಬೇಕು: ಉದ್ಯಾನಕ್ಕಾಗಿ ಅಲ್ಲಿನ ಎಷ್ಟೋ ಕುಟುಂಬಗಳು ಮನೆ, ಹೊಲ ಬಿಟ್ಟು ಹೋಗಬೇಕಾಯಿತು. ನಿರ್ಜನ ಕಾಡೆಂಬಂತೆ ತೋರುವ ಚಿತ್ರವನ್ನು ನೋಡುವಾಗ ಇದು ನೆನಪಿನಲ್ಲಿರಲಿ.

ಪ್ರಶ್ನೆ: ಅಂತಹ ಹಳೆಯ ಚಿತ್ರಗಳಿಂದ ಇಂದು ಪರಿಸರ ವಿಜ್ಞಾನಿಗಳಿಗೆ ಪ್ರಯೋಜನವಿದೆಯೇ?

ಉತ್ತರ: ಖಂಡಿತ ಇದೆ. ಅದೇ ಜಾಗದಿಂದ ಈಗ ಮತ್ತೆ ಚಿತ್ರ ತೆಗೆದು ಹೋಲಿಸಿದರೆ ಕಾಡು ಎಷ್ಟು ಬದಲಾಗಿದೆ ಎಂದು ತಿಳಿಯುತ್ತದೆ. ಆದರೆ ಹಳೆಯ ಚಿತ್ರ ತೆಗೆದ ಜಾಗ ಕರಾರುವಾಕ್ಕಾಗಿ ಸಿಗಬೇಕು. ಹತ್ತಿರದ ಬಂಡೆಯ ಅಂಚು ದೂರದ ಶಿಖರದ ಯಾವ ಭಾಗಕ್ಕೆ ನೇರವಾಗಿದೆ ಎಂದು ಹಳೆಯ ಚಿತ್ರದಲ್ಲಿ ಗುರುತಿಸಿಕೊಂಡು, ಅದೇ ಹೊಂದಾಣಿಕೆ ಕಾಣುವವರೆಗೆ ಸ್ಥಳದಲ್ಲಿ ಹೆಜ್ಜೆ ಸರಿಸುತ್ತಾ ಹೋಗಬೇಕು. ಎಡಕ್ಕೆ ಒಂದು ಹೆಜ್ಜೆ ಇಟ್ಟರೆ ಬಂಡೆ ಶಿಖರದಿಂದ ಬಲಕ್ಕೆ ಸರಿಯುತ್ತದೆ, ಲೆನ್ಸ್ ಬದಲಿಸಿ ಇದನ್ನು ಸರಿಪಡಿಸಲಾಗದು. ನೆರಳಿನ ದಿಕ್ಕನ್ನೂ ಉದ್ದವನ್ನೂ ನೋಡಿ ತಿಂಗಳು, ಹೊತ್ತನ್ನು ಅಂದಾಜಿಸುತ್ತಾರೆ.

ಸ್ಮೋಕಿ ಬೆಟ್ಟಗಳ ಮಟ್ಟಿಗೆ ಇದರ ಬೆಲೆ ದೊಡ್ಡದು. ಮಾಸಾ ಓಡಾಡುತ್ತಿದ್ದ ಕಾಲಕ್ಕೆ 6,643 ಅಡಿ ಎತ್ತರದ ಕುವೋಹಿ ಶಿಖರದ ಸುತ್ತ ಫ್ರೇಸರ್ ಫರ್ ಮರಗಳು ದಟ್ಟವಾಗಿದ್ದವು. ಯುರೋಪಿನಿಂದ ಬಂದ ಒಂದು ಸಣ್ಣ ಕೀಟ 1960ರ ದಶಕದಿಂದೀಚೆಗೆ ಅಲ್ಲಿನ ದೊಡ್ಡ ಫರ್ ಮರಗಳನ್ನು ಬಹುಪಾಲು ಒಣಗಿಸಿತು.

ಮಾಸಾ ಉದ್ಯಾನವನ್ನು ಕಾಣಲಿಲ್ಲ. 1933ರ ಜೂನ್‌ನಲ್ಲಿ ಅವರು ಬಡತನದಲ್ಲೇ ತೀರಿಕೊಂಡರು. ಉದ್ಯಾನ ಸ್ಥಾಪನೆಯಾದದ್ದು 1934ರ ಜೂನ್‌ನಲ್ಲಿ. ಅವರ ನೆಗೆಟಿವ್‌ಗಳು ಬೇರೆಯವರ ಕೈ ಸೇರಿದವು. 1961ರಲ್ಲಿ ಒಂದು ಶಿಖರಕ್ಕೆ ಮಾಸಾ ನಾಬ್ ಎಂದು ಹೆಸರಿಟ್ಟರು, ಅದು ಕೆಫಾರ್ಟ್ ಅವರ ಹೆಸರಿನ ಶಿಖರದ ಪಕ್ಕದಲ್ಲೇ ಇದೆ.