ಸುರುಳಿ ಸುತ್ತಿದ ದಾರದ ತುದಿ

ಪ್ರಶ್ನೆ: ಸರ್, ನಮಸ್ಕಾರ. ನಾನು ಕಾರವಾರದ ಕೋಡಿಬಾಗದವನು. ಎರಡು ವರ್ಷದಿಂದ ಫ್ಲೈ (ಗರಿ, ನೂಲು ಸುತ್ತಿದ ಹುಸಿ ಎರೆಯ ಗಾಳ) ಎಸೆಯುವ ರಾಡ್ ಹಿಡಿದು ಕಾಳಿ ನದಿಯಲ್ಲಿ ಚೋಣಕ್ ಮೀನಿನ ಹಿಂದೆ ಬಿದ್ದಿದ್ದೇನೆ. ಹೋದ ಭಾನುವಾರ ಸಂಜೆ, ನೀರು ಇಳಿಯುವ ಹೊತ್ತಿಗೆ, ಚಿಕ್ಕಪ್ಪನ ಪಾತಿ ದೋಣಿಯಲ್ಲಿ ಕೂತು ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ಪಕ್ಕಕ್ಕೆ ಫ್ಲೈ ಹಾಕಿದೆ. ದೊಡ್ಡದೊಂದು ಕಚ್ಚಿತು. ಎರಡು ಸಲ ನೀರಿಂದ ಮೇಲೆ ಹಾರಿ, ಬಾಯಿ ಅಗಲಿಸಿ ತಲೆ ಕೊಡವಿತು. ನನ್ನ ತೋಳಿನಷ್ಟು ಉದ್ದ ಇತ್ತು. ಮೂರನೇ ಸಲ ತಲೆ ಕೊಡವುವಾಗ ದಾರ ಹಗುರವಾಗಿಬಿಟ್ಟಿತು. "ಹೋಯ್ತಲ್ಲೋ ತಮ್ಮಾ" ಅಂದರು ಚಿಕ್ಕಪ್ಪ. ಚೋಣಕ್‌ನ ಕಿವಿರಿನ ಮುಚ್ಚಳ ದಾರ ಕೊಯ್ಯುತ್ತದೆ ಅಂತ ಓದಿ, ತುದಿಗೆ 50 ಪೌಂಡ್ ಎಳೆತ ತಡೆಯುವ ದಪ್ಪ ಲೀಡರ್, ಅಂದರೆ ಗಾಳದ ಹತ್ತಿರದ ತುಂಡು ದಾರ, ಕಟ್ಟಿದ್ದೆ. ಗಂಟು ಮಾತ್ರ ಮೊದಲು ಕಟ್ಟುತ್ತಿದ್ದ, ದಾರವನ್ನು ಅದರ ಮೇಲೇ ಸುತ್ತಿ ಬಿಗಿಯುವ ಕ್ಲಿಂಚ್ ಗಂಟೇ. ವಾಪಸ್ ಬಂದ ದಾರದ ತುದಿ ನಾಲ್ಕೈದು ಸುತ್ತು ಸುರುಳಿಯಾಗಿತ್ತು. ಇನ್ನು ಮೇಲೆ ತಂತಿ ಕಟ್ಟಬೇಕಾ? ಮೂರು ದಿನದಿಂದ ಸರಿಯಾಗಿ ನಿದ್ದೆಯೂ ಇಲ್ಲ.

ಉತ್ತರ: ನಿಮ್ಮ ಪತ್ರ ಓದಿ ನನಗೂ ಹೊಟ್ಟೆಯಲ್ಲಿ ಹಿಂಡಿದ ಹಾಗಾಯಿತು. ಅಘನಾಶಿನಿಯಲ್ಲಿ, ಗಜನಿಯ (ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆಯ) ಗೇಟಿನಿಂದ ನೀರು ಹೊರಗೆ ಬೀಳುವ ಕಡೆ, ನಾನೂ ಹೀಗೇ ಒಂದನ್ನು ಕಳೆದುಕೊಂಡಿದ್ದೇನೆ. ಆ ಮೀನಿನ ಬೆನ್ನಿನ ಹಸಿರು ಬಣ್ಣ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಾಗಾಗಿ ನಿದ್ದೆ ಬರದಿದ್ದರೆ ಅದು ಸಹಜವೇ.

ತಂತಿ ಬೇಡ. ದಾರದ ತುದಿಯ ವಿಷಯ ಬರೆದದ್ದು ಬಹಳ ಒಳ್ಳೆಯದಾಯಿತು, ಏನಾಯಿತು ಅಂತ ಅದೇ ಹೇಳುತ್ತದೆ. ಕಿವಿರಿನ ಮುಚ್ಚಳ ಕೊಯ್ದಿದ್ದರೆ ತುದಿ ನೀಟಾಗಿ ತುಂಡಾಗಿರುತ್ತಿತ್ತು. ಬೇರಿಗೋ ಕಲ್ಲಿಗೆ ಅಂಟಿದ ಚಿಪ್ಪಿಗೋ ತಿಕ್ಕಿದ್ದರೆ, ಕೊನೆಯ ಒಂದೆರಡು ಅಡಿ ಬೆರಳಾಡಿಸಿದಾಗ ಒರಟು ಒರಟಾಗಿ ಸಿಗುತ್ತಿತ್ತು. ಸುರುಳಿ ಸುತ್ತಿಕೊಂಡು ಬಂದಿದೆ ಅಂದರೆ ದಾರ ತುಂಡಾಗಿಲ್ಲ, ಗಂಟು ಜಾರಿ ಬಿಚ್ಚಿಕೊಂಡಿದೆ. ಆ ನಾಲ್ಕೈದು ಸುತ್ತು ನೀವೇ ಕಟ್ಟಿದ ಗಂಟಿನ ಸುತ್ತುಗಳು.

ನೀವು ದಪ್ಪ ಲೀಡರ್‌ಗೆ ಬದಲಾಯಿಸಿದ್ದು ಸರಿಯೇ, ಚೋಣಕ್‌ಗೆ ಅದು ಬೇಕೇ ಬೇಕು. ಆದರೆ ಲೀಡರ್ ಬದಲಾದಾಗ ಗಂಟೂ ಬದಲಾಗಬೇಕಿತ್ತು. ಕ್ಲಿಂಚ್ ಗಂಟು ತೆಳು ದಾರದ್ದು. 50 ಪೌಂಡಿನ ದಪ್ಪ ನೈಲಾನ್ ಬಿರುಸಾಗಿರುತ್ತದೆ, ಸುತ್ತುಗಳು ಒಂದರ ಪಕ್ಕ ಒಂದು ಬಿಗಿಯಾಗಿ ಕೂರುವುದೇ ಇಲ್ಲ. ಕೈಯಲ್ಲಿ ಎಳೆದು ನೋಡಿದರೆ ಗಟ್ಟಿ ಇದ್ದ ಹಾಗೇ ಕಾಣುತ್ತದೆ. ಮೀನು ಒಂದೊಂದು ಸಲ ತಲೆ ಕೊಡವಿದಾಗಲೂ ಕೂದಲೆಳೆಯಷ್ಟು ಜಾರುತ್ತಾ ಬಂದು ಮೂರನೇ ಸಲಕ್ಕೆ ಮುಗಿದುಹೋಗುತ್ತದೆ.

ಈ ಕ್ಲಿಂಚ್ ಗಂಟು ಕಲಿಸುವ, ನಾವು ಸಾಮಾನ್ಯವಾಗಿ ನೋಡುವ ವಿಡಿಯೋಗಳಲ್ಲಿ 'ಬಾಸ್' ಅನ್ನುವುದು ಅಮೆರಿಕದ ಕೆರೆಗಳ ಲಾರ್ಜ್‌ಮೌತ್ ಬಾಸ್. ಅದರ ವಿಶ್ವದಾಖಲೆ 22 ಪೌಂಡ್ 4 ಔನ್ಸ್, 1932ರಲ್ಲಿ ಜಾರ್ಜಿಯಾದಲ್ಲಿ ಸಿಕ್ಕಿದ್ದು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಅದಕ್ಕೆ ಸಮವಾಗಿ ಇನ್ನೊಂದು ಸಿಕ್ಕಿತು. ಅಂದರೆ ಸುಮಾರು 10 ಕಿಲೋ. ನಮ್ಮ ಚೋಣಕ್ ಅಂದರೆ ಏಷ್ಯನ್ ಸೀ ಬಾಸ್. ಇದು ಬೇರೆಯೇ ಜಾತಿ, ಆ ಲಾರ್ಜ್‌ಮೌತ್‌ಗಿಂತ ಎಷ್ಟೋ ಜಾಸ್ತಿ ಬೆಳೆಯುತ್ತದೆ. ಬಾಯಿ ಗಟ್ಟಿ, ಕಿವಿರಿನ ಮುಚ್ಚಳ ಹರಿತ. ಆ ಕೆರೆಯ ಗಂಟನ್ನು ಈ ಅಳಿವೆಗೆ ತರಬಾರದು.

ಇದಕ್ಕೆ ಜಾರದ ಕುಣಿಕೆ ಗಂಟು ಕಲಿಯಿರಿ. ತುದಿಯಿಂದ ಒಂದು ಗೇಣು ಬಿಟ್ಟು ಲೀಡರ್‌ನಲ್ಲಿ ಒಂದು ಸಾದಾ ಗಂಟು ಹಾಕಿ, ಬಿಗಿ ಮಾಡಬೇಡಿ. ತುದಿಯನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ಬಂದ ದಾರಿಯಲ್ಲೇ ಆ ಸಡಿಲ ಗಂಟಿನೊಳಗೆ ವಾಪಸ್ ತನ್ನಿ. ಆಮೇಲೆ ಮೇಲಿನ ದಾರಕ್ಕೆ ಸುತ್ತಬೇಕು. 50 ಪೌಂಡಿಗೆ ಮೂರೇ ಸುತ್ತು ಸಾಕು, ಜಾಸ್ತಿ ಸುತ್ತಿದರೆ ಕೂರುವುದಿಲ್ಲ. ತುದಿಯನ್ನು ಮತ್ತೆ ಅದೇ ಕಡೆಯಿಂದ ಗಂಟಿನೊಳಗೆ ಹಾಕಿ. ಈಗ ಬಾಯಲ್ಲಿಟ್ಟು ಎಂಜಲು ಮಾಡಿ ನಿಧಾನವಾಗಿ ಎಳೆಯಿರಿ. ಒಣ ದಾರ ಎಳೆದರೆ ತಿಕ್ಕಾಟದ ಬಿಸಿಗೇ ಅದರ ಶಕ್ತಿ ಹೋಗುತ್ತದೆ. ಇಕ್ಕಳದಲ್ಲಿ ತುದಿ ಹಿಡಿದು ಕೊನೆಯ ಬಿಗಿ ಕೊಡಿ. ಕುಣಿಕೆ ಬಟಾಣಿ ಕಾಳಿನಷ್ಟು ಚಿಕ್ಕದಿದ್ದರೆ ಸಾಕು. ದಪ್ಪ ಲೀಡರ್ ಇದ್ದರೂ ಫ್ಲೈ ಅದರಲ್ಲಿ ಸಲೀಸಾಗಿ ತೂಗಾಡುತ್ತದೆ, ಮರಿಮೀನಿನ ಹಾಗೇ ಕಾಣುತ್ತದೆ.

ಕಟ್ಟಿದ ಮೇಲೆ ಗಾಳವನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ, ಲೀಡರ್ ಅನ್ನು ಬಟ್ಟೆ ಸುತ್ತಿದ ಕೈಯಲ್ಲಿ ಹಿಡಿದು ಜೋರಾಗಿ ಎಳೆಯಿರಿ, ಮುಖ ಮಾತ್ರ ಪಕ್ಕಕ್ಕೆ ತಿರುಗಿಸಿಕೊಂಡು. ಬಿಚ್ಚಿಕೊಳ್ಳುವ ಗಂಟು ಅಲ್ಲೇ ಬಿಚ್ಚಿಕೊಳ್ಳಲಿ. ನಾನು ಇದನ್ನು ಹಿಂದಿನ ರಾತ್ರಿ ಅಡುಗೆಮನೆ ದೀಪದ ಕೆಳಗೆ ಮಾಡುತ್ತೇನೆ. ಓಲಾಡುವ ಪಾತಿಯಲ್ಲಿ, ಕತ್ತಲಾಗುವ ಹೊತ್ತಿಗೆ, ಮೀನು ಎದುರಿಗೇ ಹಾರುತ್ತಿರುವಾಗ ಯಾರ ಕೈಯೂ ನೆಟ್ಟಗೆ ಗಂಟು ಹಾಕುವುದಿಲ್ಲ, ಅಲ್ವಾ?

ಇನ್ನೊಂದು ಮಾತು. ಮೀನು ಹಾರಿದಾಗ ರಾಡ್ ಮೇಲೆತ್ತಿ ಹಿಡಿದಿದ್ದಿರಾ? ಬರೆದಿಲ್ಲ. ಹಾರುವ ಸೂಚನೆ ಕಂಡ ಕೂಡಲೇ ರಾಡಿನ ತುದಿ ನೀರಿನ ಮಟ್ಟಕ್ಕೆ ಇಳಿಸಿ. ಕಚ್ಚಿದಾಗಲೂ ಅಷ್ಟೇ, ರಾಡ್ ಎತ್ತಬೇಡಿ. ರಾಡನ್ನು ಮೀನಿನ ಕಡೆಗೇ ನೆಟ್ಟಗೆ ಹಿಡಿದು, ಎಡಗೈಯಿಂದ ದಾರವನ್ನು ಗಟ್ಟಿಯಾಗಿ ಒಮ್ಮೆ ಎಳೆಯಿರಿ. ರಾಡ್ ಎತ್ತಿದರೆ ಬಳುಕುವ ತುದಿಯೇ ಎಳೆತ ನುಂಗಿಬಿಡುತ್ತದೆ, ಆ ಗಟ್ಟಿ ಬಾಯಿಗೆ ಗಾಳ ನಾಟುವುದಿಲ್ಲ.

ಪ್ರಶ್ನೆ: ಗಾಳ ಬಾಯಲ್ಲೇ ಉಳಿದುಹೋದ ಮೀನು ಸಾಯುತ್ತದಾ? ತಪ್ಪಿಸಿಕೊಂಡಾಗಲೆಲ್ಲ ಅದೇ ಚಿಂತೆ. (ಕುಮಟಾದ ಓದುಗರು)

ಉತ್ತರ: ದವಡೆಯ ಅಂಚಿನಲ್ಲಿ ಸಿಕ್ಕಿದ್ದರೆ ಹೆಚ್ಚಿನ ಮೀನು ಬದುಕಿಕೊಳ್ಳುತ್ತವೆ, ಗಾಳ ಬಹಳ ಸಲ ತಾನೇ ಕಳಚಿ ಬೀಳುತ್ತದೆ. ಗಂಟಲಿಗೆ ಅಥವಾ ಕಿವಿರಿಗೆ ಹೋದರೆ ಕಷ್ಟ. ಗಾಳ ಸುಲಭವಾಗಿ ಕಳಚುವ ಹಾಗೆ, ಅದರ ಮೊನೆಯ ಹಿಂದೆ ಚಾಚಿದ ಚಿಕ್ಕ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಸ್ಟೇನ್‌ಲೆಸ್ ಗಾಳ ಬೇಡ, ತುಕ್ಕು ಹಿಡಿಯುವ ಸಾದಾ ಗಾಳವೇ ಇರಲಿ. ಚೋಣಕ್ ಮೊದಲು ಗಂಡಾಗಿದ್ದು, ಬೆಳೆದ ಮೇಲೆ ಹೆಣ್ಣಾಗುತ್ತದೆ. ಮೇಲೆ ಬರೆದ ಕಾರವಾರದವರ ಕೈ ತಪ್ಪಿದ ಆ ದೊಡ್ಡದು ಬಹುಶಃ ಹೆಣ್ಣೇ. ಮಳೆಗಾಲದ ಹೊತ್ತಿಗೆ ಅಳಿವೆ ಬಾಯಿಗೆ ಇಳಿದು ಲಕ್ಷಗಟ್ಟಲೆ ಮೊಟ್ಟೆ ಇಡುವಂಥದ್ದು. ಅದಕ್ಕೇ ಮುಳ್ಳು ಒತ್ತುವ ಕೆಲಸ ಮರೆಯಬೇಡಿ.