ತಾಯಿಯ ಎಂಆರ್‌ಐ ವರದಿಯಲ್ಲಿರುವ ಫೆಸೆಟ್ ಸಿಸ್ಟ್ ಬಗ್ಗೆ

68ರ ತಾಯಿಗೆ ಬಲಗಾಲು ಸೆಳೆತ, ಎಲ್4-ಎಲ್5 (ಸೊಂಟದ 4, 5ನೇ ಬೆನ್ನುಮೂಳೆ) ಹತ್ತಿರ ಫೆಸೆಟ್ ಸಿಸ್ಟ್, ಆಪರೇಷನ್ ಮಾಡಿಸಲೇಬೇಕಾ ಅಂತ ಕೇಳಿದ್ದೀರಿ. ಸಿಸ್ಟ್ ಇದೆ ಅನ್ನುವುದಷ್ಟೇ ಆಪರೇಷನ್‌ಗೆ ಕಾರಣವಲ್ಲ. ಇದು ಕ್ಯಾನ್ಸರ್ ಅಲ್ಲ. ಸವೆದ ಬೆನ್ನುಮೂಳೆ ಕೀಲಿನಿಂದ ಉಬ್ಬಿದ ನೀರಿನ ಚೀಲ, ಪಕ್ಕದ ನರವನ್ನು ಒತ್ತಬಹುದು.

ಮೊದಲು ನೋವಿನ ದಾರಿ ವರದಿಗೆ ತಾಳೆಯಾಗುತ್ತದಾ ನೋಡಿಸಿ. ಎಲ್5 ನರವಾದರೆ ನೋವು ಮೊಣಕಾಲಿನ ಕೆಳಗೆ ಹೊರಮಗ್ಗುಲಲ್ಲಿ ಇಳಿದು ಪಾದದ ಮೇಲ್ಭಾಗಕ್ಕೆ, ಹೆಬ್ಬೆರಳಿಗೆ ಬರುತ್ತದೆ. ಹಿಮ್ಮಡಿ ಮೇಲೆ ನಡೆಸಿ ನೋಡಿ. ಮುಂಗಾಲು ಎತ್ತಿ ಹಿಡಿಯಲಾಗದಿದ್ದರೆ ಬಲ ಕುಗ್ಗಿದೆ. ನಿಂತು, ಬಾಗಿ ತೆಗೆಸುವ ಎಕ್ಸ್‌ರೇ ಬಿಡಬೇಡಿ. ಮಲಗಿ ತೆಗೆದ ಎಂಆರ್‌ಐಯಲ್ಲಿ ಮೂಳೆ ಜಾರುವುದು ಕಾಣದೇ ಹೋಗಬಹುದು.

ಬಲ ಸರಿಯಿದ್ದರೆ ಕೆಲ ವಾರ ಮಾತ್ರೆ, ಫಿಸಿಯೋ. ನೋವು ಬಗ್ಗದಿದ್ದರೆ ಕೀಲಿಗೆ ಸ್ಟಿರಾಯ್ಡ್ ಇಂಜೆಕ್ಷನ್. ಅದೇ ಸೂಜಿಯಿಂದ ದ್ರವ ಒತ್ತಿ ಚೀಲ ಒಡೆಯುವುದೂ ಉಂಟು (ಆ ಗಳಿಗೆಯಲ್ಲಿ ಕಾಲುನೋವು ಜೋರಾಗಬಹುದು, ಗಾಬರಿ ಬೇಡ). ಸವೆದ ಕೀಲು ಹಾಗೇ ಇರುವುದರಿಂದ ಚೀಲ ಮತ್ತೆ ತುಂಬಬಹುದು. ಶುಗರ್ ಇದ್ದರೆ ಕೆಲ ದಿನ ಏರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ.

ಚೀಲ ತೆಗೆಯುವ ಆಪರೇಷನ್‌ನಲ್ಲಿ ಗಮನಿಸಬೇಕಾದ ಒಂದು ತೊಡಕು: ಚೀಲ ನರದ ಪೊರೆಗೆ ಅಂಟಿದ್ದರೆ ಬಿಡಿಸುವಾಗ ಪೊರೆ ಹರಿಯಬಹುದು. ಸ್ಕ್ರೂ ಹಾಕಿ ಮೂಳೆ ಬಿಗಿಯಬೇಕೆಂದರೆ ಮೂಳೆ ಜಾರುತ್ತಿದೆಯಾ ಅಂತ ಕೇಳಿ.

ಪಾದ ಜೋತುಬಿದ್ದರೆ, ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ ಅವತ್ತೇ ಆಸ್ಪತ್ರೆಗೆ ಹೋಗಿ.