ಕಣಭೌತ ಪ್ರಯೋಗಗಳಲ್ಲಿ ಬಹುಪಾಲು ದತ್ತಾಂಶವನ್ನು ಎಸೆಯುತ್ತಾರಂತೆ, ಬೇಕಾದದ್ದೇ ಹೋಗಿಬಿಟ್ಟರೆ?

ಎಸೆಯುವುದು ನಿಜ. ಬೇಕಾದದ್ದೂ ಹೋಗಿಬಿಡಬಹುದು. ಡಿಸ್ಕ್ ಕೊಳ್ಳಲು ಹಣ ಸಾಲದೆ ಹೀಗೆ ಮಾಡುತ್ತಾರೆಯೇ ಎಂದು ಕೇಳಿದ್ದೀರಿ. ತೊಡಕು ಶುರುವಾಗುವುದು ಡಿಸ್ಕಿಗಿಂತ ಬಹಳ ಹಿಂದೆ. ನಾನು ಕೆಲವು ವರ್ಷ ಒಂದು ಪ್ರಯೋಗಾಲಯದಲ್ಲಿ ಡಿಟೆಕ್ಟರ್‌ಗಳ, ಅಂದರೆ ಕಣಗಳನ್ನು ಗುರುತಿಸುವ ಉಪಕರಣಗಳ, ಎಲೆಕ್ಟ್ರಾನಿಕ್ಸ್ ಕೆಲಸ ಮಾಡಿದವನು. ಈಗ ನಾಪೋಕ್ಲು ಹತ್ತಿರ ಮನೆಯ ಕಾಫಿ ತೋಟ ನೋಡಿಕೊಂಡಿದ್ದೇನೆ. ದೊಡ್ಡ ಪ್ರಯೋಗದ ಒಳಗಿನವನು ಎಂದು ಹೇಳಿಕೊಳ್ಳುವುದಿಲ್ಲ, ಆದರೆ ಈ ಕೆಲಸದಲ್ಲಿ ಕೈ ಸುಟ್ಟುಕೊಂಡಿದ್ದೇನೆ.

ಮೊದಲು ಲೆಕ್ಕ ನೋಡಿ. ಜಿನೀವಾ ಬಳಿಯ 27 ಕಿಲೋಮೀಟರ್ ಸುತ್ತಳತೆಯ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ಎಂಬ ಕಣ ಡಿಕ್ಕಿಯ ಯಂತ್ರದಲ್ಲಿ ಪ್ರೋಟಾನ್ ಗೊಂಚಲುಗಳು 25 ನ್ಯಾನೋಸೆಕೆಂಡಿಗೊಮ್ಮೆ ಮುಖಾಮುಖಿಯಾಗುತ್ತವೆ. ಅಂದರೆ ಸೆಕೆಂಡಿಗೆ ಸುಮಾರು 4 ಕೋಟಿ ಸಲ. ಅಷ್ಟು ಹೊತ್ತಿನಲ್ಲಿ ಬೆಳಕು ಸಾಗುವುದೇ ಏಳೂವರೆ ಮೀಟರ್. ಅಲ್ಲಿನ ದೊಡ್ಡ ಪ್ರಯೋಗಗಳಲ್ಲಿ ಒಂದಾದ ಸಿಎಂಎಸ್‌ನ ಡಿಟೆಕ್ಟರ್ ಉದ್ದ 21 ಮೀಟರ್. ಹಾಗಾಗಿ ಒಂದು ಡಿಕ್ಕಿಯಿಂದ ಚಿಮ್ಮಿದ ಕಣಗಳು ಅದರ ತುದಿ ಮುಟ್ಟುವ ಮೊದಲೇ ನಡುವಿನಲ್ಲಿ ಮುಂದಿನ ಡಿಕ್ಕಿ ಆಗಿರುತ್ತದೆ. ಒಂದೊಂದು ಸಲದ ಚಿತ್ರ ಸುಮಾರು 1 ಮೆಗಾಬೈಟ್ ಎಂದುಕೊಂಡರೂ ಸೆಕೆಂಡಿಗೆ 40 ಟೆರಾಬೈಟ್ ಆಯಿತು. ಇಷ್ಟನ್ನು ಡಿಟೆಕ್ಟರ್‌ನಿಂದ ಹೊರಗೆ ತರುವುದಕ್ಕೇ ದಾರಿಯಿಲ್ಲ, ಉಳಿಸುವ ಮಾತು ಆಮೇಲೆ.

ಆದ್ದರಿಂದ ಮೊದಲ ಜರಡಿ ಹಿಡಿಯುವುದು ಇದಕ್ಕೆಂದೇ ಕಟ್ಟಿದ ಸರ್ಕ್ಯೂಟ್ ಬೋರ್ಡ್‌ಗಳು. ಅದಕ್ಕೆ ಟ್ರಿಗರ್ ಎನ್ನುತ್ತಾರೆ. ಸಿಎಂಎಸ್‌ನಲ್ಲಿ ಅದಕ್ಕೆ ಸಿಗುವ ಸಮಯ ಸುಮಾರು 4 ಮೈಕ್ರೋಸೆಕೆಂಡ್. ಫೈಬರ್‌ನಲ್ಲಿ ಸಂಕೇತ ಒಂದು ಮೀಟರ್ ಸಾಗಲು 5 ನ್ಯಾನೋಸೆಕೆಂಡ್ ಬೇಕು. 100 ಮೀಟರ್ ಹೋಗಿ ಬರುವಷ್ಟರಲ್ಲಿ ಒಂದು ಮೈಕ್ರೋಸೆಕೆಂಡ್ ಖರ್ಚು. ಉಳಿದ ಹೊತ್ತಿನಲ್ಲಿ ಕಣಗಳ ಶಕ್ತಿ ಅಳೆಯುವ ಕ್ಯಾಲೊರಿಮೀಟರ್ ಮತ್ತು ಮ್ಯುಯಾನ್ (ಎಲೆಕ್ಟ್ರಾನಿನಂಥದೇ, ಆದರೆ ಭಾರದ ಕಣ) ಹಿಡಿಯುವ ಭಾಗಗಳ ಒರಟು ಮಾಹಿತಿಯನ್ನಷ್ಟೇ ನೋಡಿ ‘ಇರಲಿ’ ಅಥವಾ ‘ಹೋಗಲಿ’ ಎಂದು ತೀರ್ಮಾನಿಸಬೇಕು. ಅಲ್ಲಿಯವರೆಗೆ 160 ಡಿಕ್ಕಿಗಳ ಪೂರ್ಣ ವಿವರ ಚಿಪ್‌ಗಳ ಒಳಗೆ ಸಾಲಾಗಿ ನಿಂತಿರುತ್ತದೆ. ಈ ಜರಡಿ ದಾಟುವುದು ಸೆಕೆಂಡಿಗೆ ಸುಮಾರು 1 ಲಕ್ಷ. ಅವುಗಳ ಚೂರುಗಳು ನೂರಾರು ಬೋರ್ಡ್‌ಗಳಿಂದ ಬಂದು ಒಂದೇ ಘಟನೆಯ, ಅಂದರೆ ಒಂದು ಸಲದ ಡಿಕ್ಕಿಯ, ಸಂಖ್ಯೆಯಡಿ ಕೂಡಿಕೊಂಡು ಕಂಪ್ಯೂಟರ್‌ಗಳ ಎರಡನೆಯ ಜರಡಿಗೆ ಹೋಗುತ್ತವೆ. ಸಂಖ್ಯೆ ಒಂದು ತಪ್ಪಿದರೂ ಒಬ್ಬನ ರುಂಡಕ್ಕೆ ಇನ್ನೊಬ್ಬನ ಮುಂಡ ಅಂಟಿಸಿದ ಹಾಗೆ. ಕೊನೆಗೆ ಡಿಸ್ಕಿಗೆ ಬರುವುದು ಸೆಕೆಂಡಿಗೆ ಕೆಲವು ಸಾವಿರ ಮಾತ್ರ.

ಕಷ್ಟದ ಭಾಗ ಯಾವುದು ಎಂಬ ನಿಮ್ಮ ಪ್ರಶ್ನೆಗೆ ಬಹಳ ಜನ ವೇಗ ಎನ್ನುತ್ತಾರೆ. ನನ್ನ ಮಟ್ಟಿಗೆ ಅದು ವೇಗವಲ್ಲ, ನಾವು ನೋಡದೇ ಹೋದದ್ದೆಷ್ಟು ಎಂಬ ಲೆಕ್ಕ. ಇದು ನನಗೆ ಗೊತ್ತಾದದ್ದು ಒಂದು ಮೇಜಿನ ಮೇಲೆ.

ಮೂವತ್ತು ಸೆಂಟಿಮೀಟರ್ ಚೌಕದ ಎರಡು ಸಿಂಟಿಲೇಟರ್ ಹಲಗೆಗಳನ್ನು (ಕಣ ಹಾದುಹೋದಾಗ ಮಿನುಗುವ ಹಲಗೆಗಳು) ಒಂದರ ಮೇಲೊಂದು ಇಟ್ಟು, ಆಕಾಶದಿಂದ ಬರುವ ಮ್ಯುಯಾನ್‌ಗಳನ್ನು ಎಣಿಸುತ್ತಿದ್ದೆವು. ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಬರುತ್ತದೆ. ಆ ಲೆಕ್ಕದಲ್ಲಿ ನಮಗೆ ಸೆಕೆಂಡಿಗೆ 15ರ ಆಸುಪಾಸು ಸಿಗಬೇಕಿತ್ತು. ಫೈಲಿನಲ್ಲಿ ಇದ್ದದ್ದು ಹನ್ನೊಂದೂವರೆ. ಹಲಗೆಯ ಅಂಚು, ಅಂಟು, ಹೊರಗಿನ ಬೆಳಕು ಸೋರುವ ಕಪ್ಪು ಟೇಪು ಎಲ್ಲವನ್ನೂ ದೂರಿದೆವು. ಮೂರು ವಾರ ಕಳೆದ ಮೇಲೆ ಹಿರಿಯರೊಬ್ಬರು ಅದೇ ಸಂಕೇತಕ್ಕೆ ಒಂದು ಹಳೆಯ ಕೌಂಟರ್ ಸಿಕ್ಕಿಸಿದರು. ಅದು ಸರಿಯಾಗಿ 15 ತೋರಿಸಿತು. ನಮ್ಮ ವ್ಯವಸ್ಥೆ ಒಂದು ಮ್ಯುಯಾನ್ ಓದಿ ಡಿಸ್ಕಿಗೆ ಬರೆಯಲು 20 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿತ್ತು, ಆ ಹೊತ್ತಿನಲ್ಲಿ ಅದಕ್ಕೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಇದನ್ನೇ ಡೆಡ್ ಟೈಮ್ ಎನ್ನುವುದು. ಸರಾಸರಿ ಅಂತರ 67 ಮಿಲಿಸೆಕೆಂಡ್, 20 ಸಾಕಾಗುತ್ತದೆ ಎಂದು ನಾನೇ ವಾದಿಸಿದ್ದೆ. ಮ್ಯುಯಾನ್‌ಗಳೇನು ಸರತಿಯಲ್ಲಿ ಬರುತ್ತವೆಯೇ? ಗಂಟೆಗಟ್ಟಲೆ ಕಾದ ಮೇಲೆ ಮೂರು ಬಸ್ಸು ಒಟ್ಟಿಗೆ ಬರುವುದಿಲ್ಲವೇ, ಹಾಗೆ ಬರುತ್ತವೆ. ನಡುವೆ, ಬಂದದ್ದನ್ನು ಸ್ವಲ್ಪ ಹೊತ್ತು ಹಿಡಿದಿಡುವ ಒಂದು ಸಣ್ಣ ಬಫರ್ ಇಟ್ಟ ಮೇಲೆ ನಷ್ಟ ಹೆಚ್ಚುಕಡಿಮೆ ನಿಂತಿತು. ಆದರೆ ಹಿಂದಿನ ಮೂರು ವಾರದ ಫೈಲುಗಳನ್ನು ಅಳಿಸಬೇಕಾಯಿತು. ಡಿಸ್ಕಿನ ನಿಧಾನ ದಿನಕ್ಕೊಂದು ತರಹ ಇದ್ದುದರಿಂದ ಎಷ್ಟು ತಪ್ಪಿಹೋಯಿತೆಂದು ಹೇಳುವ ದಾರಿಯೇ ಇರಲಿಲ್ಲ.

ಆ ಸಲ ರಜೆಗೆ ಊರಿಗೆ ಬಂದಾಗ ಅಪ್ಪನ ಮಳೆ ಡೈರಿ ಕಣ್ಣಿಗೆ ಬಿತ್ತು. ಕೊಡಗಿನ ತೋಟದ ಮನೆಗಳಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಡುವ ರೂಢಿ ನಿಮಗೆ ಗೊತ್ತಿರಬಹುದು. ಅಪ್ಪ ದಿನಾ ಬೆಳಿಗ್ಗೆ ಎಂಟಕ್ಕೆ ಗಾಜಿನ ಅಳತೆಪಾತ್ರೆ ಹಿಡಿದು ಅಂಗಳಕ್ಕೆ ಇಳಿಯುತ್ತಾರೆ. ಮಳೆ ಬಾರದ ದಿನಕ್ಕೆ ಸೊನ್ನೆ. ಮದುವೆಗೆಂದು ಗೋಣಿಕೊಪ್ಪಕ್ಕೆ ಹೋಗಿ ಅಳೆಯದೇ ಉಳಿದ ದಿನಕ್ಕೆ ಅಡ್ಡಗೆರೆ. ಮುಂದೆ 2018ರ ಆಗಸ್ಟಿನ ಆ ಮಳೆಯಲ್ಲಿ ಒಂದು ದಿನದ ಎದುರು ಅವರು ಅಂಕಿಯನ್ನೇ ಬರೆಯಲಿಲ್ಲ, ‘ಡಬ್ಬಿ ತುಂಬಿ ಹರಿದಿತ್ತು’ ಎಂದಷ್ಟೇ ಬರೆದರು. ಎಸ್ಸೆಸ್ಸೆಲ್ಸಿ ಓದಿದ ಮನುಷ್ಯನಿಗೆ ಸೊನ್ನೆಗೂ ಅಡ್ಡಗೆರೆಗೂ ಇರುವ ವ್ಯತ್ಯಾಸ ತಿಳಿದಿತ್ತು, ನಮ್ಮ ಫೈಲಿಗೆ ತಿಳಿದಿರಲಿಲ್ಲ.

ದೊಡ್ಡ ಪ್ರಯೋಗಗಳಲ್ಲಿ ನೋಡದೇ ಹೋದದ್ದರ ಈ ಲೆಕ್ಕವನ್ನು ಬಹಳ ಶಿಸ್ತಿನಿಂದ ಇಡುತ್ತಾರೆ. ಯಾವುದಾದರೂ ಬಫರ್ ತುಂಬುತ್ತಾ ಬಂದರೆ ಆ ಬೋರ್ಡ್ ‘ತಡೆಯಿರಿ’ ಎಂಬ ಸಂಕೇತ ಹಿಂದಕ್ಕೆ ಕಳಿಸುತ್ತದೆ, ಟ್ರಿಗರ್ ನಿಲ್ಲುತ್ತದೆ, ನಿಂತ ಹೊತ್ತನ್ನು ಎಣಿಸಿಡುತ್ತಾರೆ. ಯಂತ್ರ ಕೊಟ್ಟ ಡಿಕ್ಕಿಗಳೆಷ್ಟು, ನಾವು ದಾಖಲಿಸಿದ್ದೆಷ್ಟು ಎಂದು ಎರಡು ಅಂಕಿಗಳನ್ನು ಬೇರೆಬೇರೆಯಾಗಿಯೇ ಪ್ರಕಟಿಸುತ್ತಾರೆ. ಟ್ರಿಗರ್ ಮೇಲಿನ ಭರವಸೆಯೂ ಕುರುಡಲ್ಲ. ಏನನ್ನೂ ನೋಡದೆ ಲಾಟರಿಯಂತೆ ಆರಿಸಿದ ಕೆಲವು ಡಿಕ್ಕಿಗಳನ್ನು ಸದಾ ಉಳಿಸುತ್ತಾರೆ, ಜರಡಿ ಏನನ್ನು ಬೀಳಿಸುತ್ತಿದೆ ಎಂದು ಅದರಿಂದ ತಿಳಿಯುತ್ತದೆ. ತೀರಾ ಸಾಮಾನ್ಯವಾದ ಬಗೆಗಳಲ್ಲಿ ಸಾವಿರಕ್ಕೊಂದನ್ನೋ ಹತ್ತು ಸಾವಿರಕ್ಕೊಂದನ್ನೋ ಇಟ್ಟು, ಎಷ್ಟಕ್ಕೊಂದು ಎಂಬುದನ್ನು ಜೊತೆಗೇ ಬರೆದಿಡುತ್ತಾರೆ. ಪೂರ್ಣ ಚಿತ್ರ ಬಿಟ್ಟು ಸಾರಾಂಶವನ್ನಷ್ಟೇ ಉಳಿಸುವ ಉಪಾಯವೂ ಇದೆ. ಇಷ್ಟೆಲ್ಲ ಇದ್ದರೂ ಯಾರೂ ಊಹಿಸದ ರೀತಿಯ ಕಣ, ಉದಾಹರಣೆಗೆ ತೀರಾ ನಿಧಾನವಾಗಿ ಚಲಿಸಿ ಮುಂದಿನ ಗೊಂಚಲಿನ ಲೆಕ್ಕಕ್ಕೆ ಸೇರಿಬಿಡುವಂಥದು, ತಪ್ಪಿಸಿಕೊಳ್ಳಬಹುದು. ಆ ಭಯದಿಂದಲೇ ಅದೇ ಕೊಲೈಡರ್‌ನ ಇನ್ನೊಂದು ಪ್ರಯೋಗವಾದ ಎಲ್‌ಎಚ್‌ಸಿಬಿಯ ತಂಡ ಬೋರ್ಡ್‌ಗಳ ಜರಡಿಯನ್ನೇ ಕಿತ್ತುಹಾಕಿತು ಎಂದು ಕೆಲವರು ಹೇಳುವುದು ಪೂರ್ತಿ ಸರಿಯಲ್ಲ. ಆ ಒರಟು ಜರಡಿ ಅವರಿಗೆ ಬೇಕಾದ ಕಡಿಮೆ ಶಕ್ತಿಯ ಘಟನೆಗಳನ್ನೇ ಬೀಳಿಸುತ್ತಿತ್ತು. 2022ರಿಂದ ಅಲ್ಲಿ ಪ್ರತಿ ಡಿಕ್ಕಿಯನ್ನೂ ಹೊರತೆಗೆದು ಗ್ರಾಫಿಕ್ಸ್ ಪ್ರೊಸೆಸರ್‌ಗಳಲ್ಲಿ ಜಾಲಾಡುತ್ತಾರೆ. ಹೊರತೆಗೆದದ್ದನ್ನೆಲ್ಲ ಅವರೂ ಇಟ್ಟುಕೊಳ್ಳುವುದಿಲ್ಲ.

ನಮ್ಮದೇ ರಾಜ್ಯದ ಕೋಲಾರದ ಚಿನ್ನದ ಗಣಿಯಲ್ಲಿ ಕಷ್ಟ ಇದಕ್ಕೆ ತದ್ವಿರುದ್ಧವಾಗಿತ್ತು. ನೆಲದಡಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳೆಂಬ, ಸುಲಭವಾಗಿ ಯಾವುದಕ್ಕೂ ಸಿಕ್ಕಿಬೀಳದ ಕಣಗಳನ್ನು ಹಿಡಿದವರಿಗೆ ತಿಂಗಳುಗಟ್ಟಲೆ ಕಾದರೆ ಬೆರಳೆಣಿಕೆಯ ಘಟನೆಗಳು ಸಿಗುತ್ತಿದ್ದವು. ಎಸೆಯುವ ಪ್ರಶ್ನೆಯೇ ಇರಲಿಲ್ಲ.

ಕಲಿಯಲು ಎಲ್ಲಿಂದ ಆರಂಭಿಸಲಿ ಎಂದಿದ್ದೀರಿ. ಸಿಎಂಎಸ್ ತನ್ನ ದತ್ತಾಂಶದ ಒಂದು ಪಾಲನ್ನು 2014ರಿಂದ ಎಲ್ಲರಿಗೂ ಉಚಿತವಾಗಿ ಬಿಡುತ್ತಿದೆ. ನಕ್ಷೆಯಲ್ಲಿ ಹಿಗ್ಸ್ ಕಣ ಮೂಡಿಸುವ ಗುಡ್ಡ ಹುಡುಕುತ್ತಾ ಅದರೊಳಗೆ ಧುಮುಕಬೇಡಿ. ಜೊತೆಗೆ ಒಂದು ಸಣ್ಣ ಪಟ್ಟಿ ಬರುತ್ತದೆ, ಸುಮಾರು 23 ಸೆಕೆಂಡಿನ ತುಂಡುಗಳಲ್ಲಿ ಯಾವ ಯಾವ ಹೊತ್ತಿನ ದತ್ತಾಂಶ ನಂಬಲು ಯೋಗ್ಯ ಎಂದು ಹೇಳುವ ಪಟ್ಟಿ. ಅದನ್ನು ಮೊದಲು ತೆರೆದು, ಅಲ್ಲಿ ಬಿಟ್ಟುಹೋದ ಅಂಕಿಗಳನ್ನು ನೋಡಿ. ದೊಡ್ಡ ಫೈಲುಗಳನ್ನು ಇಳಿಸಿಕೊಳ್ಳುವುದು ನಿಮ್ಮೂರಿನ ಇಂಟರ್ನೆಟ್‌ಗೆ ಬಿಟ್ಟದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನಂತೂ ಆ ಸಾಹಸಕ್ಕೆ ಕೈ ಹಾಕುವುದಿಲ್ಲ, ಇಲ್ಲಿ ಕರೆಂಟಿನ ಡೆಡ್ ಟೈಮ್ ಎಣಿಸಲು ಇನ್ನೊಂದು ಡೈರಿ ಬೇಕು.